ನಾನೂರ ಹನ್ನೆರಡನೇ ಕೋಟು

"ಅಮ್ಮಾ, ಹಬೆಯಜ್ಜಿಗೆ ಎರಡೂ ಕೈ ನೆಟ್ಟಗಿದಾವೆ ಅಲ್ವಾ? ಮತ್ತೆ ಅವ್ರು ಯಾಕೆ ಜೇಬಿಗೆ ಕೈ ಹಾಕಲ್ಲ?"

ಮಗಳು ಇದನ್ನು ಕೇಳಿದ್ದು ಒಂದು ಮಂಗಳವಾರ ಸಂಜೆ, ಒಗೆದು ಬಂದ ತನ್ನ ನೀಲಿ ಕೋಟನ್ನು ತೊಡೆಯ ಮೇಲೆ ಹರವಿಕೊಂಡು. ಕೋಟಿನ ಬಲಜೇಬಿನಲ್ಲಿ ಅವಳ ಬೆರಳಿಗೆ ಸಿಕ್ಕಿದ್ದು ಹಿಟ್ಟಿನಂಥ ಒಂದು ಬಿಳಿ ಮುದ್ದೆ. ಬೆಳಿಗ್ಗೆಯವರೆಗೂ ಅದು ಕಾಗದವಾಗಿತ್ತು. ಎರಡನೇ ಮಹಡಿಯಲ್ಲಿದ್ದ ಅವಳ ಜೀವದ ಗೆಳತಿ ಅಪ್ಪ ಅಮ್ಮನ ಜೊತೆ ಬೇರೆ ಊರಿಗೆ ಹೊರಟಾಗ, ಹೊಸ ಮನೆಯ ವಿಳಾಸವನ್ನು ಅದರಲ್ಲಿ ಕೈಯಾರೆ ಬರೆದುಕೊಟ್ಟಿದ್ದಳು. ಆರು ವರ್ಷದ ಹುಡುಗಿಗೆ ಅದು ಆಸ್ತಿಪತ್ರಕ್ಕಿಂತ ಹೆಚ್ಚು. ಮುದ್ದೆಯನ್ನು ಬಿಡಿಸಲು ನೋಡಿದಳು, ಅದು ಉದುರಿತು. ಆಮೇಲೆ ಶುರುವಾದ ಅಳು ಊಟದ ಹೊತ್ತಾದರೂ ನಿಲ್ಲಲಿಲ್ಲ.

ತಪ್ಪು ನನ್ನದೇ. ನಮ್ಮ ಕಟ್ಟಡಕ್ಕೆ ಬಾಡಿಗೆಗೆ ಬಂದವರಿಗೆ ಕೀಲಿ ಕೊಡುವಾಗಲೇ ಎರಡು ಮಾತು ಹೇಳಿಬಿಡುತ್ತಾರೆ. ಲಿಫ್ಟಿಗೆ ನಾಲ್ಕು ಜನರಿಗಿಂತ ಹೆಚ್ಚು ಹತ್ತಬೇಡಿ, ಹಬೆಯಮ್ಮನಿಗೆ ಬಟ್ಟೆ ಕೊಡುವ ಮುಂಚೆ ಜೇಬು ನೀವೇ ನೋಡಿಕೊಳ್ಳಿ. ಇದರ ಮೇಲೆ ಕಟ್ಟಡದ ತುಂಬ ತಮಾಷೆ. ಐದನೇ ಮಹಡಿಯ ಗಡಿಯಾರ ರಿಪೇರಿಯವರ ಕಟ್ಟಿದ ಹಲ್ಲಿನ ಸೆಟ್ಟು ಪ್ಯಾಂಟಿನ ಜೇಬಿನಲ್ಲೇ ಒಂದು ಗಂಟೆ ಕುದಿದು ಬಂತಂತೆ. "ನನ್ನ ಹಲ್ಲು ಇಷ್ಟು ಬೆಳ್ಳಗೆ ಯಾವ ಕಾಲದಲ್ಲೂ ಇರ್ಲಿಲ್ಲ" ಎಂದು ಅವರು ಇವತ್ತಿಗೂ ನಕ್ಕು ತೋರಿಸುತ್ತಾರೆ.

ಹಬೆಯಮ್ಮ ಎಂದರೆ ನೆಲಮಾಳಿಗೆಯ ಒಗೆಯುವ ಕೋಣೆಯಾಕೆ. ವಯಸ್ಸು ಅರವತ್ತೈದರ ಆಚೆ. ಕೋಣೆಯ ಮೂಲೆಯಲ್ಲಿ ಆಳೆತ್ತರದ ಬಾಯ್ಲರು, ಅದರ ಪಕ್ಕದ ಬಾಗಿಲು ತೆಗೆದರೆ ಆಕೆಯ ಮಂಚ, ಒಂದು ಕುರ್ಚಿ, ಗೋಡೆಗೆ ಒಂದು ಜೊತೆ ಗಂಡಸರ ಬೂಟು. ಮೊಣಕೈಯವರೆಗೆ ತೋಳು ಸದಾ ಕೆಂಪಗೆ, ಬೆಂದ ಹಾಗೆ. ಮಂಗಳವಾರ ಕೆಳಗಿನ ಮೂರು ಮಹಡಿಯ ಬಟ್ಟೆ, ಗುರುವಾರ ಮೇಲಿನ ಮೂರರದ್ದು. ಪ್ರತಿ ಮನೆಯ ಗಂಟಿಗೂ ಬಟ್ಟೆಯ ಚೀಟಿ ಕಟ್ಟಿ, ನೇರಳೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ನಂಬರು ಬರೆಯುತ್ತಾಳೆ. ಆ ಪೆನ್ಸಿಲಿನ ಗುರುತು ನೀರು ಬಿದ್ದಷ್ಟೂ ಗಾಢವಾಗುತ್ತದೆಯೇ ಹೊರತು ಹೋಗುವುದಿಲ್ಲ. ಹಾಗಾಗಿ ಆಕೆಯ ಕೆಳತುಟಿಯಲ್ಲಿ ಯಾವಾಗಲೂ ಒಂದು ನೇರಳೆ ಚುಕ್ಕೆ. ಅಜ್ಜಿ ಕದ್ದು ಏನೋ ಹಣ್ಣು ತಿನ್ನುತ್ತಾಳೆ ಎಂದು ನನ್ನ ಮಗಳ ಗುಮಾನಿ. ನಮ್ಮ ಮನೆಯ ನಂಬರು ಹದಿನಾಲ್ಕು. ಹಬೆಯಮ್ಮನ ನಾಲ್ಕಕ್ಕೆ ಬೆಕ್ಕಿನ ಬಾಲದಷ್ಟು ಉದ್ದದ ಬಾಲ. ಸಾವಿರ ನಾಲ್ಕುಗಳ ನಡುವೆ ಇಟ್ಟರೂ ನಾನು ಅದನ್ನು ಗುರುತು ಹಿಡಿದೇನು.

ಮರುದಿನ ಬೆಳಿಗ್ಗೆ ಆ ಕಾಗದದ ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು ಕೆಳಗಿಳಿದೆ. ಸಿಟ್ಟು ಮೂಗಿನ ತುದಿಯಲ್ಲಿತ್ತು.

"ಹಬೆಯಮ್ಮಾ, ಒಂದ್ಸಲ ಕೈ ಹಾಕಿ ನೋಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಮಗು ರಾತ್ರಿ ಊಟನೂ ಮಾಡ್ಲಿಲ್ಲ."

"ನಾನು ನೋಡಲ್ಲ ಕಣಮ್ಮ. ಎಲ್ರಿಗೂ ಹೇಳಿದೀನಿ." ಹೇಳಿದ ಮೇಲೆ ಬಗ್ಗಿ ನನ್ನ ಅಂಗೈಯನ್ನು ನೋಡಿದಳು. "ಏನು ಬರ್ದಿತ್ತು ಅದ್ರಲ್ಲಿ?"

"ವಿಳಾಸ. ಅವಳ ಸ್ನೇಹಿತೇದು."

ಹಬೆಯಮ್ಮ ಬೋರಲು ಹಾಕಿದ ಬಾನಿಯ ಮೇಲೆ ಕೂತುಬಿಟ್ಟಳು. "ಉಳಿಸ್ಬಾರದ್ದನ್ನ ಜೋಪಾನ ಮಾಡಿದೆ. ಉಳಿಸ್ಬೇಕಾದ್ದನ್ನ ಕುದಿಸಿಬಿಟ್ಟೆ" ಎಂದು ತನ್ನಷ್ಟಕ್ಕೇ ಅಂದುಕೊಂಡಳು. ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಆ ಮುಖ ನೋಡಿದ ಮೇಲೆ ಜಗಳವನ್ನು ಅಲ್ಲಿಗೇ ಬಿಟ್ಟೆ. ಮನೆಗೆ ಬಂದು ಅಂಚೆ ಕಚೇರಿಗೆ ಒಂದು ಪತ್ರ ಬರೆದೆ. ಬಿಟ್ಟುಹೋದವರ ಹೊಸ ವಿಳಾಸ ಅವರ ಹತ್ತಿರ ಇರಬಹುದೆಂದು ಆಸೆ. ಇನ್ನೂ ಉತ್ತರ ಬಂದಿಲ್ಲ.

ಕೂಗಾಡಿದ್ದಕ್ಕೆ ಪ್ರಾಯಶ್ಚಿತ್ತದಂತೆ ಮುಂದಿನ ಮಂಗಳವಾರದಿಂದ, ಮಗಳನ್ನು ಶಾಲೆಗೆ ಬಿಟ್ಟು ಬಂದು ಅರ್ಧ ಗಂಟೆ ಹಬೆಯಮ್ಮನಿಗೆ ಹೊದಿಕೆ ಮಡಚಲು ಕೈಜೋಡಿಸತೊಡಗಿದೆ. ದೊಡ್ಡ ಹೊದಿಕೆ ಮಡಚಲು ಇಬ್ಬರು ಬೇಕೇ ಬೇಕು. ಆಚೆ ತುದಿ ಆಕೆ, ಈಚೆ ತುದಿ ನಾನು. ಜಗ್ಗಿ ಎಳೆಯುವುದು, ಕೊಡವುವುದು, ತುದಿ ಹಿಡಿದು ಒಬ್ಬರತ್ತ ಒಬ್ಬರು ನಡೆದುಬರುವುದು. ಬಾಯಿಗೆ ಬೀಗ ಹಾಕಿಕೊಂಡಂತಿದ್ದ ಹೆಂಗಸು ಮಾತಾಡುತ್ತಿದ್ದುದು ಹಾಗೆ ಹತ್ತಿರ ಬಂದಾಗ ಮಾತ್ರ. ದೂರ ಸರಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಅದು ಆಳ್ವಿಕೆ ಬಿದ್ದು ಇಪ್ಪತ್ತು ತುಂಬಿದ ವರ್ಷ. ಬಿದ್ದಾಗ ನಾನು ಎಂಟರ ಹುಡುಗಿ. ಶಾಲೆಯಲ್ಲಿ ಬೆಳಿಗ್ಗೆ ಸಾಲಾಗಿ ನಿಂತು ಕೈ ಮುಂದೆ ಚಾಚಿ 'ಯಜಮಾನ'ನಿಗೆ ಜಯಕಾರ ಹಾಕುತ್ತಿದ್ದುದು, ಒಂದು ದಿನ ಇದ್ದಕ್ಕಿದ್ದಂತೆ ಅದು ಬೇಡ ಅಂದದ್ದು, ಇಷ್ಟೇ ನೆನಪು. ಏಳು ದೇಶ ನುಂಗಿ ಕೂತಿದ್ದ ಆ ಸಾಮ್ರಾಜ್ಯಕ್ಕೆ ದೊರೆಯೂ ಅವನೇ, ದಂಡನಾಯಕನೂ ಅವನೇ, ಗೋಡೆಗೋಡೆಯ ಮೇಲಿನ ಚಿತ್ರವೂ ಅವನೇ. ಬಿದ್ದ ಮೇಲೆ ನಮ್ಮ ಬೀದಿಯ ಹೆಂಗಸರು ಗಂಡಂದಿರನ್ನು 'ಯಜಮಾನರು' ಅನ್ನುವುದನ್ನೇ ಬಿಟ್ಟರು. ಎಲ್ಲರದ್ದೂ ಈಗ 'ನಮ್ಮವರು'.

ಇಪ್ಪತ್ತನೇ ವರ್ಷದ ನೆನಪಿಗೆ ರೇಡಿಯೋದಲ್ಲಿ ಪ್ರತಿ ಸೋಮವಾರ ಒಂದು ಕಾರ್ಯಕ್ರಮ ಬರುತ್ತಿತ್ತು. ಆ ದಿನ ಆಳ್ವಿಕೆ ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು, ಮೊದಲೇ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ತಿಳಿದವರು ಕೂತು ವಾದಿಸುವುದು. ಒಬ್ಬರು ಇನ್ನೂ ಐವತ್ತು ವರ್ಷ ನಡೆಯುತ್ತಿತ್ತು ಎಂದರೆ, ಇನ್ನೊಬ್ಬರು ಉತ್ತರದ ಪಡೆ ದಂಗೆ ಎದ್ದಿದ್ದರೆ ಐದು ವರ್ಷ ಮುಂಚೆಯೇ ನೆಲಕಚ್ಚುತ್ತಿತ್ತು ಎನ್ನುವರು. ಮೂರನೇ ಮಹಡಿಯ ಮೇಷ್ಟ್ರಿಗೆ, ಅಂದರೆ ನಿವೃತ್ತ ಚರಿತ್ರೆ ಮೇಷ್ಟ್ರಿಗೆ, ಇದು ಕಡಲೆಕಾಯಿ ತಿಂದಷ್ಟು ರುಚಿ. ಕೇಳಿದ್ದನ್ನು ಮಂಗಳವಾರ ಬಟ್ಟೆಯ ಗಂಟಿನ ಜೊತೆ ಹೊತ್ತುಕೊಂಡು ಕೆಳಗೆ ಬರುತ್ತಿದ್ದರು.

"ನೆನ್ನೆ ಕೇಳಿದ್ರೇನಮ್ಮಾ? ಯಜಮಾನನ ಹಲ್ಲುನೋವು ಆ ವಾರ ವಾಸಿಯಾಗಿದ್ರೆ, ಅವನು ರಾಜಧಾನಿ ಬಿಟ್ಟು ಹೋಗ್ತಾನೇ ಇರ್ಲಿಲ್ವಂತೆ! ಒಂದು ದವಡೆ ಹಲ್ಲು, ಏಳು ದೇಶ!"

ಹಬೆಯಮ್ಮ ಎಂದೂ ಇದಕ್ಕೆ ಬಾಯಿ ಹಾಕಿದವಳಲ್ಲ. ಆ ದಿನ ಮಾತ್ರ ಹೊದಿಕೆಯ ತುದಿ ಹಿಡಿದವಳು ಹಾಗೇ ನಿಂತು ಕೇಳಿದಳು.

"ಮೇಷ್ಟ್ರೇ, ಹನ್ನೊಂದು ದಿನ ಮುಂಚೆ ಬೀಳ್ಬಹುದಿತ್ತಾ?"

"ಹನ್ನೊಂದಾ? ಅದೇನು ಲೆಕ್ಕ? ಐದು ವರ್ಷ ಅನ್ನಿ, ಹತ್ತು ವರ್ಷ ಅನ್ನಿ, ವಿಚಾರ ಮಾಡ್ಬಹುದು. ಹನ್ನೊಂದು ದಿನಕ್ಕೆಲ್ಲ ಜಗ್ಗೋಕೆ ಚರಿತ್ರೆ ಏನು ಬಟ್ಟೆನೇನಮ್ಮಾ, ಎಳೆದಷ್ಟು ಹಿಗ್ಗೋಕೆ?"

"ಬಟ್ಟೆ ಹಿಗ್ಗಲ್ಲ ಮೇಷ್ಟ್ರೇ. ಕುಗ್ಗುತ್ತೆ."

"ಅದೂ ಸರಿಯೇ." ಮೇಷ್ಟ್ರು ಮನಸಾರೆ ನಕ್ಕರು. "ನೋಡಿ, ರೈಲು ಓಡಾಟ ನಿಂತಿದ್ದು ಒಂದು ಶನಿವಾರ. ರೈಲು ನಿಂತ ಮೇಲೆ ದಂಡಿಗೆ ಕೂಳಿಲ್ಲ, ಅಪ್ಪಣೆ ತರೋರೂ ಇಲ್ಲ. ಅಲ್ಲಿಂದ ಹತ್ತು ದಿನಕ್ಕೆ ಗಂಟುಮೂಟೆ ಕಟ್ಟಿದ್ರು. ಅದಕ್ಕೂ ಮುಂಚೆ ಬೀಳೋಕೆ ಕಾರಣನೇ ಇರ್ಲಿಲ್ಲ."

"ಯಾರದೋ ಒಂದು ಕಾಗದ ನೀರಿಗೆ ಬಿದ್ದಿದ್ರೆ?"

"ಒಂದು ಕಾಗದ ನೀರಿಗೆ ಬಿದ್ರೆ ಸಾಮ್ರಾಜ್ಯ ಬೀಳುತ್ತೇನಮ್ಮಾ?"

"ಸಾಮ್ರಾಜ್ಯ ಬೀಳೋದು ಬೇಡವಾಗಿತ್ತು" ಎಂದಳು ಹಬೆಯಮ್ಮ. "ಕಾಗದ ಬಿದ್ದಿದ್ರೆ ಸಾಕಾಗಿತ್ತು."

ಮೇಷ್ಟ್ರು ಏನೋ ಒಗಟೆಂದುಕೊಂಡು ತಲೆ ಅಲ್ಲಾಡಿಸುತ್ತ ಮೆಟ್ಟಿಲು ಹತ್ತಿದರು. ಅವರ ಚಪ್ಪಲಿಯ ಸದ್ದು ಪೂರ್ತಿ ಅಡಗುವವರೆಗೆ ಹಬೆಯಮ್ಮ ಹೊದಿಕೆ ಜಗ್ಗಲಿಲ್ಲ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು. ಅವತ್ತು ಒಂಬತ್ತು ಹೊದಿಕೆ ಮಡಚಿದೆವು. ಒಂಬತ್ತರಲ್ಲಿ ಆಕೆಯ ಕಥೆ ಮುಗಿಯಿತು. ಆಕೆ ತುಂಡು ತುಂಡಾಗಿ ಹೇಳಿದ್ದನ್ನು ನಾನಿಲ್ಲಿ ಜೋಡಿಸಿದ್ದೇನೆ.

ಆಳ್ವಿಕೆಯ ಕಾಲದಲ್ಲಿ ಆಕೆ ನದಿಯಾಚೆ ದಂಡಿನ ಲಾಂಡ್ರಿಯಲ್ಲಿದ್ದಳು. ಆರು ಬಾಯ್ಲರು, ಎಂಬತ್ತು ಹೆಂಗಸರು. ಹಬೆಯಮ್ಮನದು ಜೇಬಿನ ಮೇಜು. ಬಟ್ಟೆ ನೀರಿಗೆ ಬೀಳುವ ಮುಂಚೆ ಜೇಬು ಬರಿದು ಮಾಡುವುದೇ ಆಕೆಯ ಕೆಲಸ. ಎಡಗೈಯಲ್ಲಿ ಕೊರಳಪಟ್ಟಿ ಹಿಡಿಯಬೇಕು, ಬಲಗೈ ಮೊದಲು ಮೇಲಿನ ಜೇಬಿಗೆ, ಆಮೇಲೆ ಕೆಳಗಿನದಕ್ಕೆ, ಕೊನೆಗೆ ಒಳಜೇಬಿಗೆ. ಬರಿದಾದ ಜೇಬನ್ನು ನಾಲಿಗೆಯ ಹಾಗೆ ಹೊರಗೆಳೆದು ಬಿಡಬೇಕು. ಸಿಕ್ಕಿದ್ದನ್ನು ಕಂದು ಲಕೋಟೆಗೆ ಹಾಕಿ ಕೋಟಿನ ನಂಬರು ಬರೆಯಬೇಕು. ಕಾಗದವಾದರೆ ಕಾಗದದ ಹಿಂಬದಿಗೂ ನಂಬರು. ಓದುವಂತಿಲ್ಲ. ಓದಿದ್ದಕ್ಕೆ ಒಬ್ಬಳನ್ನು ಕರೆದುಕೊಂಡು ಹೋದರು, ಅವಳು ಮತ್ತೆ ಬರಲಿಲ್ಲ. ಅಂದಿನಿಂದ ಹಬೆಯಮ್ಮ ಕಾಗದವನ್ನು ಬೋರಲು ಹಾಕಿಯೇ ಬಿಡಿಸುವುದನ್ನು ರೂಢಿ ಮಾಡಿಕೊಂಡಳು.

"ಕೈ ತಾನಾಗೇ ತಿರುಗಿಸ್ತಿತ್ತು ಕಣಮ್ಮ. ಮನೇಲಿ ನನ್ನ ತಮ್ಮ ಬರ್ದ ಚೀಟೀನೂ ಬೋರಲು ಹಾಕ್ತಿದ್ದೆ. ಅವನು ನಗ್ತಿದ್ದ. 'ಅಕ್ಕಾ, ಅಂಗಡಿಗೆ ಹೋಗ್ಬಾ ಅಂತ ಬರ್ದಿದೀನಿ, ನೀನು ಓದದೇ ಇದ್ರೆ ಸಾಮಾನು ಬರೋದು ಹೇಗೆ?' ಅಂತ."

ಇನ್ನೊಂದು ರೂಢಿಯನ್ನು ಯಾರೂ ಹೇಳದೆ ಆಕೆಯೇ ಮಾಡಿಕೊಂಡದ್ದು. ಮಳೆಯಲ್ಲಿ ನೆಂದ ಕೋಟುಗಳಲ್ಲಿ ಕಾಗದ ಒದ್ದೆಯಾಗಿ ಅಂಟಿಕೊಂಡಿರುತ್ತಿತ್ತು. ಬೇರೆಯವರು ಅದನ್ನು ಹಾಗೇ ಲಕೋಟೆಗೆ ತುರುಕುತ್ತಿದ್ದರು. ಹಬೆಯಮ್ಮ ಬೋರಲು ಹಾಕಿ, ಮೇಲೆ ತೆಳುಬಟ್ಟೆ ಹಾಸಿ, ಹಗುರಾಗಿ ಇಸ್ತ್ರಿ ಮಾಡುತ್ತಿದ್ದಳು. ಗರಿಗರಿಯಾಗಿ ಎದ್ದು ಬರುತ್ತಿತ್ತು. ಮೇಲ್ವಿಚಾರಕಿ ಒಳ್ಳೆ ಕೈ ಎಂದು ಮೆಚ್ಚಿ ಅಧಿಕಾರಿಗಳ ಕೋಟಿನ ಮೇಜಿಗೆ ಹಾಕಿದಳು.

"ಹೆಮ್ಮೆ ಆಗಿತ್ತಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಆಗಿತ್ತು" ಎಂದಳು.

ಕೊನೆಯ ಚಳಿಗಾಲದಲ್ಲಿ ಜೇಬುಗಳು ಬದಲಾದವು. ಮೊದಲೆಲ್ಲ ಬಾಚಣಿಗೆ, ಬಿಸ್ಕತ್ತಿನ ಚೂರು, ಹೆಂಡತಿಯ ಕಾಗದ. ಈಗ ಸಕ್ಕರೆ ಉಂಡೆ, ಹೆಂಗಸರ ಬಳೆ, ದೂರದೂರಿನ ರೈಲು ಟಿಕೆಟ್ಟು, ಮಾಮೂಲಿ ಜನರ ಕೋಟಿಗೆ ಹಾಕುವ ಕಪ್ಪು ಗುಂಡಿಗಳು, ಒಂದೊಂದು ಜೇಬಿಗೆ ಆರಾರು. ಲಾಂಛನದ ಹಿತ್ತಾಳೆ ಗುಂಡಿ ಕಿತ್ತು ಹೊಲಿದುಕೊಂಡರೆ ಜನರ ನಡುವೆ ಸೇರಿಹೋಗಬಹುದಲ್ಲ. ರೇಡಿಯೋ ಆಗಲೂ ಜಯದ ಹಾಡು ಹಾಡುತ್ತಿತ್ತು. "ಆಳ್ವಿಕೆ ಮುಗೀತು ಅಂತ ಮೊದಲು ಗೊತ್ತಾಗಿದ್ದು ಜೇಬುಗಳಿಗೆ" ಎಂದಳು ಹಬೆಯಮ್ಮ.

ಆಕೆಯ ತಮ್ಮ ಬಡಗಿ. ಶಾಲೆಯ ಬೆಂಚು ರಿಪೇರಿ ಅವನ ಕಸುಬು. ಕ್ಷೌರದಂಗಡಿಯಲ್ಲಿ ಕೂತು ಯಜಮಾನನ ಮೀಸೆಯ ಮೇಲೆ ಒಂದು ತಮಾಷೆ ಮಾಡಿದ. ನಕ್ಕವರಲ್ಲೇ ಒಬ್ಬ ಹೋಗಿ ಹೇಳಿದ. ರೈಲಂಗಳದ ಹಳೆಯ ಗೋದಾಮಿನಲ್ಲಿ ಇನ್ನೂರು ಜನರ ಜೊತೆ ಅವನನ್ನು ಕೂಡಿಹಾಕಿದರು. ಒಂದು ಶುಕ್ರವಾರ ಬೆಳಿಗ್ಗೆ ಪಟ್ಟಿ ಹಿಡಿದು ಹೆಸರು ಕೂಗಿದರು, ನಲವತ್ತೊಂದು ಹೆಸರು, ಅದರಲ್ಲಿ ತಮ್ಮನದೂ ಒಂದು. ಕೂಗಿಸಿಕೊಂಡವರು ಬೂಟು ಬಿಚ್ಚಿಟ್ಟು ಲಾರಿ ಹತ್ತಿದರು, ಒಬ್ಬರೂ ಮರಳಲಿಲ್ಲ. ಅಲ್ಲಿಗೆ ಹನ್ನೊಂದನೇ ದಿನ, ಮಂಗಳವಾರ, ದಂಡು ಊರು ಬಿಟ್ಟು ಕಾಲು ಕಿತ್ತಿತು. ಗೋದಾಮಿನ ಬಾಗಿಲಲ್ಲಿ ಬೀಗದ ಕೈ ನೇತಾಡುತ್ತಿತ್ತು. ಪಟ್ಟಿಯಲ್ಲಿ ಇಲ್ಲದವರು ಬಾಗಿಲು ತೆಗೆದುಕೊಂಡು ಮನೆಗೆ ನಡೆದುಹೋದರು. ಅವರಲ್ಲೊಬ್ಬ ತಮ್ಮನ ಬೂಟುಗಳನ್ನು ತಂದು ಅಕ್ಕನ ಕೈಗೆ ಕೊಟ್ಟ.

ಎಂಟನೇ ಹೊದಿಕೆಯಲ್ಲಿ ಆಕೆ ನಾನೂರ ಹನ್ನೆರಡನೇ ನಂಬರಿಗೆ ಬಂದಳು. ಅದು ಗೋದಾಮಿನ ಉಸ್ತುವಾರಿ ಕ್ಯಾಪ್ಟನ್ನಿನ ಕೋಟು. ಆ ಶುಕ್ರವಾರಕ್ಕೆ ಮೂರು ದಿನ ಮುಂಚೆ, ಜೋರು ಮಳೆಯ ದಿನ, ಮೇಜಿಗೆ ಬಂತು. ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ, ತೊಯ್ದು ತೊಪ್ಪೆ. ಬೋರಲು ಹಾಕಿದಳು, ಬಟ್ಟೆ ಹಾಸಿದಳು, ಇಸ್ತ್ರಿ ಮಾಡಿದಳು, ನಂಬರು ಬರೆದಳು. ಸಂಜೆ ಕ್ಯಾಪ್ಟನ್ ತಾನೇ ಓಡಿಬಂದ.

"ಲಕೋಟೆ ಬಿಚ್ಚಿ ನೋಡಿ ಅವನ ಮುಖ ಅರಳಿಬಿಡ್ತು. 'ನನ್ನನ್ನ ಬದುಕಿಸಿದೆ ಕಣಮ್ಮ' ಅಂದ. 'ಇದು ಹೋಗಿದ್ರೆ ಮೇಲಿನ ಕಚೇರಿಯಿಂದ ಮತ್ತೆ ತರಿಸ್ಬೇಕಿತ್ತು, ಒಂದು ವಾರ ಹಿಡೀತಿತ್ತು. ಇಲ್ಲಿ ಟೈಪು ಮಾಡೋಳು ಆಗ್ಲೇ ಊರು ಬಿಟ್ಟಿದಾಳೆ' ಅಂದ. ನಾನು 'ಇರ್ಲಿ ಬಿಡಿ ಸ್ವಾಮಿ' ಅಂದೆ."

ಒಂದು ವಾರ. ಶನಿವಾರ ರೈಲು ನಿಂತಿತು. ಹೆಸರು ಕೂಗಿದ ಮರುದಿನವೇ ಅದು. ಆಮೇಲೆ ಮೇಲಿನ ಕಚೇರಿಯಿಂದ ಮತ್ತೆ ಯಾವ ಕಾಗದವೂ ಬರುವ ದಾರಿಯೇ ಇರಲಿಲ್ಲ. ಮೇಷ್ಟ್ರು ರೇಡಿಯೋ ಕೇಳಿ ಕಂಡುಹಿಡಿದ ದಿನಗಳನ್ನು ಈಕೆ ಇಪ್ಪತ್ತು ವರ್ಷದಿಂದ ಬೆರಳ ಮೇಲೆ ಇಟ್ಟುಕೊಂಡಿದ್ದಳು.

ನನಗೆ ಸುಮ್ಮನಿರಲು ಆಗಲಿಲ್ಲ. "ಅದು ಆ ಪಟ್ಟಿನೇ ಅಂತ ಏನು ಗ್ಯಾರಂಟಿ ಹಬೆಯಮ್ಮ? ನೀವು ಓದಿಲ್ಲ. ದಿನಸಿ ಸಾಮಾನಿನ ಪಟ್ಟಿ ಇರಬಹುದು. ಕಂಬಳಿ ಬೇಕು ಅನ್ನೋ ಅರ್ಜಿ ಇರಬಹುದು."

"ಇರಬಹುದು. ಆ 'ಇರಬಹುದು' ತಿಂದ್ಕೊಂಡೇ ಇಪ್ಪತ್ತು ವರ್ಷ ಬದುಕಿದೀನಿ." ಒಂಬತ್ತನೇ ಹೊದಿಕೆಯ ತುದಿಯನ್ನು ನನ್ನ ಕೈಗೆ ಕೊಟ್ಟಳು. "ಹಿಡ್ಕೋ ಸರಿಯಾಗಿ. ಸುಕ್ಕು ಬೀಳುತ್ತೆ."

ಬಸ್ ಡಿಪೋದಿಂದ ಬಂದ ನಮ್ಮವರಿಗೆ ಊಟಕ್ಕೆ ಬಡಿಸುತ್ತ ಇದನ್ನು ಹೇಳಿದೆ. "ಇವಳಲ್ದಿದ್ರೆ ಇನ್ನೊಬ್ಳು ತೆಗೆದಿಡ್ತಿದ್ಲು ಬಿಡು" ಎಂದರು. ನಿಜವೇ. ಆದರೆ ಈ ನಿಜವನ್ನು ಯಾರ ಕೈಗೆ ಕೊಡುವುದು? ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದುಹೋಗಿ ಮಗಳ ಕೋಟಿನ ಜೇಬು ತಡವಿ ನೋಡುತ್ತಿದ್ದುದು ಕಂಡಿತು.

ದಿನಚರಿಯಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಮಗಳ ಜ್ವರ, ಹಲ್ಲು, ಹೊಸ ಮಾತು. ಅವತ್ತು ಮೇಷ್ಟ್ರ ಹಾಗೆ ಆಗದೇ ಹೋದದ್ದನ್ನು ಬರೆಯಲು ಕೂತೆ. ಹಬೆಯಮ್ಮನಿಗೆ ಆ ದಿನ ತಲೆನೋವು. ಒಳಜೇಬಿಗೆ ಕೈ ಹಾಕಲು ಮರೆತಳು. ಕೋಟು ಬಾಯ್ಲರಿಗೆ ಬಿತ್ತು. ಕ್ಯಾಪ್ಟನ್ ಬೈದ, ಆಕೆಯ ಒಂದು ವಾರದ ಕೂಲಿ ಹಿಡಿದ. ಶುಕ್ರವಾರ ಗೋದಾಮಿನಲ್ಲಿ ಯಾರ ಹೆಸರೂ ಕೂಗಲಿಲ್ಲ. ಶನಿವಾರ ರೈಲು ನಿಂತಿತು. ಮುಂದಿನದರ ಮುಂದಿನ ಮಂಗಳವಾರ ತಮ್ಮ ಬೂಟು ಹಾಕಿಕೊಂಡೇ ಮನೆಗೆ ಬಂದ. ಮದುವೆಯಾದ. ನಾನು ಓದಿದ ಶಾಲೆಯ ಅಲುಗಾಡುವ ಬೆಂಚಿಗೆ ಮೊಳೆ ಹೊಡೆದ. ಅರ್ಧ ಪುಟ ಬರೆದು ಪೆನ್ನು ಇಟ್ಟೆ. ಸಾಮ್ರಾಜ್ಯವನ್ನು ಒಂದು ದಿನವೂ ಮುಂಚೆ ಬೀಳಿಸಬೇಕಾಗಿರಲಿಲ್ಲ. ಒಂದು ತಲೆನೋವು ಸಾಕಾಗಿತ್ತು. ಅಷ್ಟು ಸಣ್ಣದನ್ನೂ ನನ್ನ ಕೈಯಿಂದ ಕೊಡಲು ಆಗುವುದಿಲ್ಲವಲ್ಲ ಎಂದು ಅಳು ಬಂತು. ಮಗಳು ಬಂದು, "ಅಮ್ಮಾ, ನಿಂದೂ ಕಾಗದ ಒದ್ದೆ ಆಯ್ತಾ?" ಎಂದು ಕೇಳಿದಳು.

ಇದಾಗಿ ತಿಂಗಳ ಮೇಲೆ, ಅಂದರೆ ನಿನ್ನೆ, ಕೆಳಗಿಳಿದಾಗ ಬಾಯ್ಲರು ತಣ್ಣಗಿತ್ತು. ಮಂಗಳವಾರ ಹೀಗಾದದ್ದೇ ಇಲ್ಲ. ಹಬೆಯಮ್ಮ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಬೋರಲು ಹಾಕಿದ ಒಂದು ಕಾರ್ಡು ತೊಡೆಯ ಮೇಲಿತ್ತು.

"ಓದು" ಎಂದಳು. "ನಾನು ಓದಾಯ್ತು. ಆದ್ರೂ ನೀನು ಓದು."

ದಾಖಲೆ ಕಚೇರಿಯಿಂದ ಬಂದ ಕಾರ್ಡು. ಗೋದಾಮಿನ ಕಾಗದಪತ್ರಗಳನ್ನು ಈ ವರ್ಷದಿಂದ ಮನೆಯವರಿಗೆ ತೋರಿಸುತ್ತಾರೆ. ತಮ್ಮನ ಹೆಸರಿರುವ ಮೂಲ ಪಟ್ಟಿ ಸಿಕ್ಕಿದೆ. ಬುಧವಾರ, ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಆರನೇ ಕೋಣೆ. ಸ್ವತಃ ಬರಲಾಗದಿದ್ದರೆ ಸಹಿ ಮಾಡಿಕೊಟ್ಟು ಬೇರೆಯವರನ್ನು ಕಳಿಸಬಹುದು.

"ಇಪ್ಪತ್ತು ವರ್ಷ ನಾನು ಕೇಳ್ಲಿಲ್ಲ. ಯಾರೋ ಒಳ್ಳೆಯವರು ಹುಡುಕಿ ಕಳ್ಸಿದಾರೆ" ಎಂದಳು. "ಹಿಂಬದೀಲಿ, ಬಲಗಡೆ ಮೂಲೇಲಿ ನಾನು ನಂಬರು ಬರೀತಿದ್ದಿದ್ದು. ನೇರಳೆ. ಅದು ಹೋಗಲ್ಲ."

"ನಾನೂ ಜೊತೇಲಿ ಬರ್ತೀನಿ. ಶನಿವಾರ ಹೋಗೋಣ."

"ನಾನು ಬರಲ್ಲ. ನಾನು ಹೋದ್ರೆ ಆ ಕಾಗದ ಮತ್ತೆ ನನ್ನ ಕೈಗೇ ಬರುತ್ತೆ. ಸಹಿ ಮಾಡಿಟ್ಟಿದೀನಿ, ತಗೋ."

"ನಾನೇ ಯಾಕೆ ಹಬೆಯಮ್ಮ? ಮೇಷ್ಟ್ರಿಗೆ ಇದೆಲ್ಲ ಚೆನ್ನಾಗಿ ಗೊತ್ತಾಗುತ್ತೆ."

"ಮೇಷ್ಟ್ರು ಮೂರನೇ ಮಹಡಿ, ನಂಬರು ಇಪ್ಪತ್ತೇಳು. ನಿಮ್ಮನೆ ನಂಬರಲ್ಲಿ ನಾಲ್ಕಿದೆ. ನನ್ನ ನಾಲ್ಕು ನಿನಗೆ ಗೊತ್ತು."

ಸಹಿ ಮಾಡಿದ ಚೀಟಿಯನ್ನು ತೆಗೆದುಕೊಂಡೆ. ಪೆನ್ಸಿಲಿನ ನೇರಳೆ ನನ್ನ ಹೆಬ್ಬೆರಳಿಗೂ ಅಂಟಿತು.

"ಬಂದು ಬಾಯಿ ಬಿಟ್ಟು ಏನೂ ಹೇಳ್ಬೇಡ. ನನಗೆ ಕೇಳೋಕಾಗಲ್ಲ. ಮುಖನೂ ತೋರಿಸ್ಬೇಡ. ಮುಂದಿನ ಮಂಗಳವಾರ ಮರಿ ಕೋಟು ಕೊಟ್ಟು ಕಳಿಸ್ತೀಯಲ್ಲ, ನೀಲಿದು. ಅದು ನನ್ನ ನಂಬರೇ ಆಗಿದ್ರೆ ಯಾವಾಗಿನ ಹಾಗೆ ಬರಿದು ಮಾಡಿ ಕಳ್ಸು. ಆಗಿಲ್ದಿದ್ರೆ ಜೇಬಲ್ಲಿ ಏನಾದ್ರೂ ಇಡು. ನಾನು ಕೈ ಹಾಕಿ ನೋಡ್ತೀನಿ."

ಆಕೆಯ ಕೆಂಪು ಕೈ ತೊಡೆಯ ಮೇಲೆ ಮೆಲ್ಲಗೆ ತೆರೆದು ಮುಚ್ಚಿತು.

"ನನ್ನ ಸಮಾಧಾನಕ್ಕೆ ನೀನು ಸುಮ್ನೆ ಇಟ್ರೂ ನನಗೆ ಗೊತ್ತಾಗಲ್ಲ. ಅದು ನಿನಗೇ ಬಿಟ್ಟಿದ್ದು ಮಗಳೇ. ಒಂದು ಗುಂಡಿ ಇಡು, ಸಕ್ಕರೆ ಉಂಡೆ ಇಡು, ಬಳಪದ ಚೂರು ಇಡು, ಏನಾದ್ರೂ ಸರಿ. ಕಾಗದ ಮಾತ್ರ ಬೇಡ."